ಕೀಳುವ ಮೊದಲು ಒಂದು ಪೆಟ್ಟು ಒಳಕ್ಕೆ

ಬದಿಯಡ್ಕದ ಹತ್ತಿರ ನಮ್ಮ ಹಳೇ ಹಂಚಿನ ಮನೆಯ ಪಡುಗೋಡೆಗೆ, ಮಳೆಯ ಇರಿಚಲು ತಡೆಯಲೆಂದು ಮತ್ತಿಮರದ ಹಲಗೆ ಹೊಡೆದಿದ್ದರು. ಈ ಬೇಸಿಗೆಯಲ್ಲಿ ಅವನ್ನು ಕೀಳಹೊರಟೆವು. ಮೊದಲ ಆಣಿ ಅಲುಗಿದ್ದೇ ತಡ, ಕಿರ್‍ರೆಂದು ಉದ್ದಕ್ಕೆ ಕೂಗಿತು. ಜಗಲಿಯಲ್ಲಿದ್ದ ದೊಡ್ಡಮ್ಮ, “ಸಾಕು ಮಾರಾಯ, ಮನೆ ಕೂಗ್ತಾ ಉಂಟು. ಜೋಯಿಸರಲ್ಲಿ ಪ್ರಶ್ನೆ ಇಡಿಸದೆ ಮುಟ್ಟಬೇಡ” ಎಂದರು.

ಹಾಲೆಮರಕ್ಕೆ ಆಣಿ ಹೊಡೆದು ಯಕ್ಷಿಯನ್ನು ಕಟ್ಟಿಹಾಕಿದ ಕಥೆ ಕೇಳುತ್ತಾ ಬೆಳೆದ ಊರು ನಮ್ಮದು. ಆಣಿ ಕಿತ್ತರೆ ಏನೋ ಬಿಟ್ಟುಹೋದೀತೆಂಬ ಅಂಜಿಕೆ ಎಲ್ಲಿಂದ ಬಂತೆಂದು ನನಗೆ ಅರ್ಥವಾಗುತ್ತದೆ. ಆದರೆ ಆ ಅಂಜಿಕೆಗೆ ಸಾಲ ಮಾಡಿ ಶಾಂತಿ ಮಾಡಿಸುವವರನ್ನು ಕಂಡಾಗ ಸಂಕಟವಾಗುತ್ತದೆ.

ಆಣಿಯನ್ನು ಹಿಡಿದಿರುವುದು ಮರದ ನಾರು. ಆಣಿ ನುಗ್ಗಿದಾಗ ಪಕ್ಕಕ್ಕೆ ಸರಿದ ನಾರುಗಳು ಸ್ವಸ್ಥಾನಕ್ಕೆ ಮರಳಲು ಹವಣಿಸುತ್ತಾ ಅದನ್ನು ಅವುಚುತ್ತವೆ, ತುಂಬಿದ ಬಸ್ಸಿನಲ್ಲಿ ನಮ್ಮನ್ನು ಸುತ್ತಲಿನ ಭುಜಗಳು ಬೀಳಗೊಡದ ಹಾಗೆ. ತುಕ್ಕು ಹಿಡಿದರೆ ಆಣಿ ಸವೆದು ಸಡಿಲವಾಗುತ್ತದೆಂದು ಹಲವರ ಎಣಿಕೆ. ಮರ ಕೊಳೆಯುವ ತನಕ ಆಗುವುದು ಇದಕ್ಕೆ ತದ್ವಿರುದ್ಧ! ತುಕ್ಕಿಗೆ ಕಬ್ಬಿಣದ ಎರಡು ಪಟ್ಟಿಗೂ ಮಿಕ್ಕಿ ಜಾಗ ಬೇಕು. ಅದು ಊದಿಕೊಂಡು ನಾರಿನ ಸಂದುಗಳಿಗೆ ಇಳಿದು ಕಚ್ಚುತ್ತದೆ.

ಇನ್ನು ಕೂಗು. ನಿಂತ ವಸ್ತುವನ್ನು ಅಲುಗಿಸಲು ಬೇಕಾದಷ್ಟು ಬಲ ಜಾರುತ್ತಿರುವುದನ್ನು ಎಳೆಯಲು ಬೇಡ. ಆಣಿ ತಡೆದು ತಡೆದು ಫಕ್ಕನೆ ಕೂದಲೆಳೆಯಷ್ಟು ಜಾರುತ್ತದೆ, ಜಾರಿದೊಡನೆ ಮತ್ತೆ ಕಚ್ಚಿಕೊಳ್ಳುತ್ತದೆ, ಮತ್ತೆ ಜಾರುತ್ತದೆ. ಇದು ಅತಿವೇಗವಾಗಿ ನಡೆದಾಗ ಹಲಗೆಯೇ ನಡುಗಿ ದನಿಯಾಗುತ್ತದೆ. ಪಿಟೀಲಿನ ಕಮಾನು ತಂತಿಯನ್ನು ಎಳೆದು ಬಿಡುವುದೂ ಹೀಗೆಯೇ. ಸ್ಲೇಟಿನ ಮೇಲೆ ಕಿರುಗುಟ್ಟುವ ಕಡ್ಡಿ, ಎಣ್ಣೆ ಕಾಣದ ಬಾಗಿಲು, ಬಾವಿಯ ರಾಟೆ, ಎಲ್ಲದರ ಗಂಟಲೂ ಒಂದೇ.

ಕೆಲಸಕ್ಕೆ ಬಂದ ಆಚಾರಿ ಇದನ್ನೆಲ್ಲ ಕೈಯಲ್ಲೇ ಬಲ್ಲವರು. ಕೀಳುವ ಮೊದಲು ಪ್ರತಿ ಆಣಿಯ ತಲೆಗೂ ಒಳಮುಖವಾಗಿ ಒಂದು ಪೆಟ್ಟು ಕೊಟ್ಟರು. ಕೀಳಬೇಕಾದದ್ದನ್ನು ಹೊಡೆಯುವುದೇ? ಹೌದು, ಆ ಪೆಟ್ಟಿಗೆ ತುಕ್ಕಿನ ಬೆಸುಗೆ ಬಿರಿಯುತ್ತದೆ. ಆಮೇಲೆ ಸುತ್ತಿಗೆಯ ಕವಲನ್ನು ಸಿಕ್ಕಿಸಿ, ಅಡಿಗೆ ಆನಿಕೆಯಾಗಿ ರೀಪಿನ ತುಂಡಿಟ್ಟು ಹಿಡಿಯನ್ನು ಅದುಮಿದರು. ಆನಿಕೆಯಿಂದ ಆಣಿಗೆ 3 ಸೆಂ.ಮೀ., ಕೈಗೆ 30 ಸೆಂ.ಮೀ. ಇದ್ದರೆ 20 ಕಿಲೋ ಭಾರದಷ್ಟು ಒತ್ತು ಆಣಿಯ ಮೇಲೆ 200 ಕಿಲೋದಷ್ಟು ಎಳೆತವಾಗುತ್ತದೆ. ಆಣಿ ಮೇಲೆ ಬಂದಂತೆ ಆನಿಕೆಯನ್ನೂ ಎತ್ತರಿಸಿದರೆ ಅದು ಬಾಗದೆ ನೆಟ್ಟಗೆ ಬರುತ್ತದೆ.

ದೊಡ್ಡಮ್ಮ ಎದ್ದುಬಂದು ತೂತಿನ ಸುತ್ತಲ ಕಡುಗಪ್ಪು ಕಲೆಗೆ ಬೆರಳಿಟ್ಟರು. “ಇದು?”

ಮಸಿ, ಎಂದೆ. ಹಿಂದೆ ಅಳಲೆಕಾಯಿಯ ಒಗರಿಗೆ ಅನ್ನಭೇದಿ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದರಲ್ಲ, ಅನ್ನಭೇದಿಯಲ್ಲಿರುವುದು ಕಬ್ಬಿಣವೇ. ಮತ್ತಿಯೂ ಅಳಲೆಯೂ ಒಂದೇ ಕುಲದ ಮರಗಳು, ಒಗರಿನ ಟ್ಯಾನಿನ್ ಎರಡರಲ್ಲೂ ಧಾರಾಳ. ನೀರು, ಆಣಿ, ಮರ ಸೇರಿ ಗೋಡೆಯ ಮೇಲೆಯೇ ಮಸಿ ಕಾಯಿಸಿಕೊಂಡಿದ್ದವು. ದೊಡ್ಡಮ್ಮ ಕಲೆಯನ್ನು ಉಜ್ಜಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು.