ನಗರ ನವೀಕರಣ: ಬೀದಿಯಲ್ಲಿ ಯಾರಿದ್ದಾರೆಂಬ ಲೆಕ್ಕ

ಕಾಲುದಾರಿಗೆ ಹೊಸ ಕಲ್ಲು ಹಾಸುವುದರಿಂದ ಹಿಡಿದು ಇಡೀ ಕೊಳೆಗೇರಿಯನ್ನು ನೆಲಸಮ ಮಾಡುವವರೆಗೆ ಎಲ್ಲದಕ್ಕೂ ನಮ್ಮ ಕಡತಗಳಲ್ಲಿ ‘ನಗರ ನವೀಕರಣ’ವೆಂಬ ಒಂದೇ ಹೆಸರಿದೆ. ಈ ಸಡಿಲುತನ ಆ ಪದದ ಹುಟ್ಟಿನಲ್ಲೇ ಇದೆ. ಅಮೆರಿಕದ 1949ರ ವಸತಿ ಕಾಯ್ದೆ ಕೊಳೆಗೇರಿಗಳ ತೆರವಿಗೆ ಹಣ ಒದಗಿಸಿತು. 1954ರ ಕಾಯ್ದೆ ಅದಕ್ಕೆ ದುರಸ್ತಿ, ಸಂರಕ್ಷಣೆಗಳನ್ನು ಸೇರಿಸಿತು, ‘ನಗರ ನವೀಕರಣ’ವೆಂಬ ಹೊಸ ಹೆಸರೂ ರೂಢಿಗೆ ಬಂತು. ಹೆಸರು ಬದಲಾದರೂ ಬುಲ್ಡೋಜರ್ ನಿಲ್ಲಲಿಲ್ಲ.

ಬೆಂಗಳೂರು 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಗಳನ್ನು ಅಗಲವಾದ ರಸ್ತೆಗಳೊಂದಿಗೆ ಬೆಳೆಸಿತು. ಅದು ವಿಸ್ತರಣೆ, ಪೇಟೆಯ ಇಕ್ಕಟ್ಟು ಪೇಟೆಯಲ್ಲೇ ಉಳಿಯಿತು. 2005ರಲ್ಲಿ ಕೇಂದ್ರದ ನಗರ ನವೀಕರಣ ಅಭಿಯಾನ (ಜೆ-ನರ್ಮ್) ಬಂದಾಗ ಹಳೆಯ ಪೇಟೆಗಳಿಗೂ ಒಳ್ಳೆಯ ಕಾಲ ಬಂತೆಂದುಕೊಂಡಿದ್ದೆವು, ಆದರೆ ಇಂದು ಜನರ ನೆನಪಿನಲ್ಲಿರುವುದು ಹೆಚ್ಚಾಗಿ ಅದರ ಹಣದಲ್ಲಿ ಬಂದ ‘ನರ್ಮ್ ಬಸ್ಸು’ಗಳೇ. ಮುಂದೆ ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಎಂಬ ವಿನ್ಯಾಸ ಮಾದರಿಯಲ್ಲಿ ಬಂದ ರಸ್ತೆಗಳಲ್ಲಿ ಕೊಳವೆ, ಕೇಬಲ್‌ಗಳಿಗೆ ಕಾಲುದಾರಿಯಡಿ ಪ್ರತ್ಯೇಕ ಜಾಗ ಕೊಟ್ಟದ್ದು, ರಸ್ತೆಯನ್ನು ಮತ್ತೆ ಮತ್ತೆ ಅಗೆಯುವ ರೋಗಕ್ಕೆ ಸರಿಯಾದ ಮದ್ದೇ ಆಗಿತ್ತು.

ನೆಲದಡಿಯ ಕೆಲಸ ಎಂಜಿನಿಯರುಗಳಿಗೆ ಗೊತ್ತು. ಕಷ್ಟವಿರುವುದು ನೆಲದ ಮೇಲಿನ ಲೆಕ್ಕದಲ್ಲಿ. ಕೆ.ಆರ್. ಮಾರುಕಟ್ಟೆಯ ಸುತ್ತ ಬೆಳಗಿನ ಜಾವ ಹೂವಿನ ರಾಶಿಗಳ ನಡುವೆ ಕಾಲಿಡಲು ಜಾಗವಿರುವುದಿಲ್ಲ; ಕಚೇರಿ ತೆರೆದ ಮೇಲೆ, ಹನ್ನೊಂದು ಗಂಟೆಗೆ ಹೋಗಿ ಎಣಿಸುವ ಸಮೀಕ್ಷಕನಿಗೆ ಆ ವ್ಯಾಪಾರದಲ್ಲಿ ಎಷ್ಟೋ ಪಾಲು ಕಾಣುವುದೇ ಇಲ್ಲ. ಅದಕ್ಕೇ ನಾನು ಯಾವ ಬೀದಿಯನ್ನಾದರೂ ಮೂರು ಹೊತ್ತು ನಡೆದ ಮೇಲಷ್ಟೇ ನಕ್ಷೆಗೆ ಕೈ ಹಾಕುತ್ತೇನೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯೂ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದೆನ್ನುತ್ತದೆ. ಆದರೆ ಹೊತ್ತು ತಪ್ಪಿ ಮಾಡಿದ ಸಮೀಕ್ಷೆಯಲ್ಲಿ ಹೆಸರೇ ಸೇರದವರಿಗೆ ಈ ರಕ್ಷಣೆಯಿಂದ ಪ್ರಯೋಜನವೇನು?

ಚಿಕ್ಕಪೇಟೆಯಂಥ ಕಡೆ ಲೆಕ್ಕ ಇನ್ನೂ ತೊಡಕಿನದು. ಕೆಳಗೆ ಅಂಗಡಿ, ಮಹಡಿಯಲ್ಲಿ ಗೋದಾಮು, ಅದರ ಮೇಲೆ ಹೊಲಿಗೆ ಯಂತ್ರಗಳು. ಬಾಡಿಗೆದಾರನ ಕೈಕೆಳಗೆ ಇನ್ನೊಬ್ಬ ಬಾಡಿಗೆದಾರ, ಅವನಲ್ಲಿ ಬಾಯಿಮಾತಿನ ಕರಾರಿನ ಹೊರತು ಕಾಗದವಿಲ್ಲ. ರಸ್ತೆ ಅಗಲಿಸಲು ಜಾಗ ಬಿಟ್ಟುಕೊಟ್ಟರೆ ನಗದಿನ ಬದಲು ಸಿಗುವ ಟಿಡಿಆರ್, ಅಂದರೆ ಬೇರೆಡೆ ಹೆಚ್ಚುವರಿಯಾಗಿ ಕಟ್ಟಲು ಬಳಸಬಹುದಾದ ಇಲ್ಲವೇ ಮಾರಬಹುದಾದ ಅಭಿವೃದ್ಧಿ ಹಕ್ಕು, ಸೇರುವುದು ಜಾಗದ ಮಾಲೀಕನಿಗೆ. ಯಂತ್ರದ ಮುಂದೆ ಕೂತವನ ದಿನಗೂಲಿಗೆ ಅದರಲ್ಲಿ ಪಾಲಿಲ್ಲ.

ನನ್ನ ಸಮೀಕ್ಷಾ ನಮೂನೆಯಲ್ಲಿ ‘ಕಾಮಗಾರಿ ನಡೆಯುವಾಗ ಈ ವ್ಯಾಪಾರ ಎಲ್ಲಿ?’ ಎಂಬ ಕಾಲಂ ಸೇರಿಸಿ ವರ್ಷಗಳಾದವು. ಅದು ಭರ್ತಿಯಾಗದೆ ಅಂದಾಜುಪಟ್ಟಿಗೆ ನಾನು ಸಹಿ ಮಾಡುವುದಿಲ್ಲ. ಇದರಿಂದ ಗುತ್ತಿಗೆದಾರರಿಗೆ ನನ್ನ ಮೇಲೆ ಸಿಟ್ಟಿದೆ.