ಕ್ಯಾಮರಾದೊಳಗೆ ಇನ್ನೂ 1970

ಪಾಸ್‌ವರ್ಡ್ ಸರಿಯಾಗಿಯೇ ಇತ್ತು. ಮೂರು ಸಲ ಟೈಪ್ ಮಾಡಿದೆ. ಒಂದೊಂದೇ ಅಕ್ಷರ ಜೋರಾಗಿ ಓದಿಕೊಂಡು ನಾಲ್ಕನೇ ಸಲವೂ ಮಾಡಿದೆ. ಕ್ಯಾಮರಾ ನೋಡುವ, ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಮಾತ್ರ ‘ಅನುಮತಿ ಇಲ್ಲ’ ಅಂತಲೇ ಹೇಳುತ್ತಿತ್ತು.

ಸಾಗರದ ಹತ್ತಿರ ಅಕ್ಕನ ಮನೆ. ಡಿಸೆಂಬರ್ ತಿಂಗಳು, ಅಂಗಳದ ತುಂಬಾ ಅಡಿಕೆ ಒಣಗುತ್ತಿತ್ತು. ಹಿಂದಿನ ವರ್ಷ ಎರಡು ಮೂಟೆ ರಾತ್ರೋರಾತ್ರಿ ಕಾಣೆಯಾಗಿದ್ದವು. ಹಾಗಾಗಿ ಈ ಸಲ ಭಾವ ನಾಲ್ಕು ಐಪಿ ಕ್ಯಾಮರಾ ತರಿಸಿ, ಕಂಬ ನೆಟ್ಟು, ಕೇಬಲ್ ಎಳೆಸಿ, ಕೊನೆಗೆ “ಕಂಪ್ಯೂಟರ್ ಕೆಲಸ ಎಲ್ಲ ನಿಂದು ಮಾರಾಯ” ಅಂತ ನನ್ನನ್ನು ಕರೆಸಿದ್ದರು. ಮೂರು ಕ್ಯಾಮರಾ ಹತ್ತು ನಿಮಿಷದಲ್ಲಿ ಪರದೆಗೆ ಬಂದವು. ನಾಲ್ಕನೆಯದು ಯಾರೋ ಬಳಸಿ ಬಿಟ್ಟದ್ದು, ಕಡಿಮೆ ಬೆಲೆಗೆ ಸಿಕ್ಕಿದ್ದು. ಅದು ಒಂದೂವರೆ ಗಂಟೆ ಆಟ ಆಡಿಸಿತು.

ಕೊನೆಗೆ ಬ್ರೌಸರ್‌ನಲ್ಲಿ ಅದರ ಅಡ್ರೆಸ್ ಹಾಕಿ ನೇರವಾಗಿ ಒಳಗೆ ಹೋದೆ. ಅಲ್ಲಿ ಅದೇ ಪಾಸ್‌ವರ್ಡ್ ಸಲೀಸಾಗಿ ನಡೆಯಿತು! ಚಿತ್ರದ ಮೂಲೆಯಲ್ಲಿ ತಾರೀಖು ಕಂಡಿತು: 1970ರ ಜನವರಿ 1. ಗಡಿಯಾರ ಸರಿ ಮಾಡಿದೆ. ಸಾಫ್ಟ್‌ವೇರ್‌ಗೆ ಮರಳಿ ಬಂದು ಅದೇ ಪಾಸ್‌ವರ್ಡ್ ಹಾಕಿದೆ, ಅಂಗಳ ಕಾಣಿಸಿತು.

ಗಡಿಯಾರಕ್ಕೂ ಪಾಸ್‌ವರ್ಡಿಗೂ ಎಂತ ಸಂಬಂಧ ಅಂತ ಭಾವ ಕೇಳಿದರು. ಒಳ್ಳೆಯ ಪ್ರಶ್ನೆ.

ಐಪಿ ಕ್ಯಾಮರಾ ಅಂದರೆ ಕ್ಯಾಮರಾ ಅನ್ನೋದಕ್ಕಿಂತ, ಕಣ್ಣು ಅಂಟಿಸಿಕೊಂಡ ಒಂದು ಪುಟ್ಟ ಕಂಪ್ಯೂಟರ್. 1996ರಲ್ಲಿ ಸ್ವೀಡನ್ನಿನ ಆಕ್ಸಿಸ್ ಕಂಪನಿ ಇಂಥ ಮೊದಲ ಕ್ಯಾಮರಾ ಮಾರುಕಟ್ಟೆಗೆ ಬಿಟ್ಟಿತು. ಸ್ವಲ್ಪ ದೊಡ್ಡ ಚಿತ್ರ ಬೇಕು ಅಂದರೆ ಅದು 17 ಸೆಕೆಂಡಿಗೆ ಒಂದು ಕಳಿಸುತ್ತಿತ್ತು. ಅಷ್ಟು ಹೊತ್ತಿಗೆ ಕಳ್ಳ ಮೂಟೆ ಹೊತ್ತು ಗೇಟು ದಾಟಿರುತ್ತಾನೆ, ಅಲ್ವಾ? ಈಗಿನವು ಸೆಕೆಂಡಿಗೆ 25 ಚಿತ್ರ ಕಳಿಸುತ್ತವೆ. ಹೆಚ್ಚಿನವುಗಳ ಒಳಗೆ ಓಡುವುದು ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ. ಲಿನಕ್ಸ್ ಹೊತ್ತನ್ನು ಲೆಕ್ಕ ಹಾಕುವುದು 1970ರ ಜನವರಿ 1ರಿಂದ ಎಷ್ಟು ಸೆಕೆಂಡು ಕಳೆಯಿತು ಅಂತ. ಗಡಿಯಾರಕ್ಕೆ ಬೇರೆ ಬ್ಯಾಟರಿ ಇಲ್ಲದ ಕ್ಯಾಮರಾ ಕರೆಂಟು ಹೋಗಿ ಬಂದಾಗ ಸೊನ್ನೆಯಿಂದ ಶುರು ಮಾಡುತ್ತದೆ. ಅಂದರೆ ಮತ್ತೆ 1970.

ಒಂದು ಕಂಪನಿಯ ಕ್ಯಾಮರಾ ಇನ್ನೊಬ್ಬರ ಸಾಫ್ಟ್‌ವೇರ್ ಜೊತೆ ಮಾತಾಡಲಿ ಅಂತ 2008ರಲ್ಲಿ ಆಕ್ಸಿಸ್, ಬಾಷ್, ಸೋನಿ ಸೇರಿ ಆನ್‌ವಿಫ್ ಅನ್ನೋ ಒಕ್ಕೂಟ ಕಟ್ಟಿದವು. ಝೋನ್‌ಮೈಂಡರ್, ಬ್ಲೂ ಐರಿಸ್‌ನಂಥ ಸಾಫ್ಟ್‌ವೇರ್‌ಗಳಿಗೆಲ್ಲ ಆ ಒಕ್ಕೂಟ ರೂಪಿಸಿದ ಭಾಷೆ ಗೊತ್ತು. ‘ಕ್ಯಾಮರಾ ಹುಡುಕು’ ಅನ್ನೋ ಬಟನ್ ಒತ್ತಿದರೆ ಸಾಫ್ಟ್‌ವೇರ್ ಮನೆಯ ನೆಟ್‌ವರ್ಕ್ ತುಂಬಾ ಒಂದು ಕೂಗು ಹಾಕುತ್ತದೆ, ಇಲ್ಲಿ ಯಾರ್ಯಾರು ಕ್ಯಾಮರಾ ಇದ್ದೀರಿ ಅಂತ. ಇದ್ದವು ಓಗೊಡುತ್ತವೆ. ಆಮೇಲೆ ಲಾಗಿನ್. ಇಲ್ಲಿ ಸಾಫ್ಟ್‌ವೇರ್ ಪಾಸ್‌ವರ್ಡನ್ನು ಹಾಗೇ ಕಳಿಸುವುದಿಲ್ಲ. ಪಾಸ್‌ವರ್ಡ್, ಒಂದು ಅಡ್ಡಾದಿಡ್ಡಿ ಸಂಖ್ಯೆ, ಈ ಕ್ಷಣದ ಸಮಯ, ಮೂರನ್ನೂ ಸೇರಿಸಿ ಅರೆದು, ಬಂದ ಚಟ್ನಿಯನ್ನು ಕಳಿಸುತ್ತದೆ. ಆ ಸಂಖ್ಯೆ ಮತ್ತು ಸಮಯ ಎರಡನ್ನೂ ಜೊತೆಗೆ ಬಿಡಿಯಾಗಿ ಕಳಿಸುತ್ತದೆ. ಕ್ಯಾಮರಾ ತನಗೆ ಗೊತ್ತಿರುವ ಪಾಸ್‌ವರ್ಡ್ ಹಾಕಿ ತಾನೂ ಅರೆದು ನೋಡುತ್ತದೆ. ಎರಡೂ ಚಟ್ನಿ ಒಂದೇ ಆದರೆ ಸರಿ.

ಸಮಯ ಯಾಕೆ ಬೇಕು? ನಡುವೆ ಯಾರಾದರೂ ಈ ಚಟ್ನಿಯನ್ನು ಕದ್ದಿಟ್ಟುಕೊಂಡು ನಾಳೆ ಅದನ್ನೇ ತೋರಿಸಿ ಒಳಗೆ ಬರಬಾರದು. ಅದಕ್ಕೇ ಕ್ಯಾಮರಾ ‘ಇದು ಈಗಷ್ಟೇ ಅರೆದದ್ದಾ?’ ಅಂತಲೂ ನೋಡುತ್ತದೆ. ನಮ್ಮ ನಾಲ್ಕನೇ ಕ್ಯಾಮರಾದ ಲೆಕ್ಕದಲ್ಲಿ ಇನ್ನೂ 1970. ನನ್ನ ಸಂದೇಶ ಅರ್ಧ ಶತಮಾನ ಮುಂದಿನಿಂದ ಬಂದಿತ್ತು. ಅದು ಬೇಡ ಅಂದದ್ದರಲ್ಲಿ ತಪ್ಪೇನೂ ಇಲ್ಲ. ಕೆಲವು ಸಾಫ್ಟ್‌ವೇರ್‌ಗಳು ಜಾಣತನ ಮಾಡಿ ಮೊದಲೇ ಕ್ಯಾಮರಾದ ಸಮಯ ಕೇಳಿಕೊಂಡು ಅದಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತವೆ. ನಾನು ಹಾಕಿದ್ದಕ್ಕೆ ಆ ಬುದ್ಧಿ ಇರಲಿಲ್ಲ. ವಿಡಿಯೊ ಹರಿದು ಬರುವ ಆರ್‌ಟಿಎಸ್‌ಪಿ ವಿಳಾಸವನ್ನು ಕೈಯಲ್ಲೇ ಟೈಪ್ ಮಾಡಿದ್ದರೆ ಗಡಿಯಾರದ ಗೊಡವೆ ಇಲ್ಲದೆಯೇ ಚಿತ್ರ ಬರುತ್ತಿತ್ತು. ಆದರೆ ಅದರ ಮೇಲೆ 1970 ಅಂತಲೇ ಅಚ್ಚಾಗಿರುತ್ತಿತ್ತು. ನಾಳೆ ಆ ವಿಡಿಯೊ ಹಿಡಿದು ಕೋರ್ಟಿಗೆ ಹೋದರೆ? ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಬೇಕು ಅಂತ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಹೇಳುತ್ತದೆ. ತಾರೀಖೇ ತಪ್ಪಾದ ವಿಡಿಯೊಗೆ ಯಾವ ಧೈರ್ಯದ ಮೇಲೆ ಸಹಿ ಹಾಕುತ್ತೀರಿ?

ಸಮಯವನ್ನು ಇಂಟರ್ನೆಟ್‌ನಿಂದ ತಾನೇ ತಂದುಕೊಳ್ಳುವ ಎನ್‌ಟಿಪಿ ಅನ್ನೋ ಸೌಲಭ್ಯ ಕ್ಯಾಮರಾದಲ್ಲಿ ಇರುತ್ತದೆ. ಆದರೆ ಮಲೆನಾಡಿನಲ್ಲಿ ಕರೆಂಟು ಹೋದರೆ ನೆಟ್ಟೂ ಹೋಗುತ್ತದೆ, ಕರೆಂಟು ಬಂದರೂ ನೆಟ್ಟು ಸಂಜೆಗೆ ಬರುತ್ತದೆ. ಹಾಗಾಗಿ ರೆಕಾರ್ಡ್ ಮಾಡುವ ಕಂಪ್ಯೂಟರನ್ನೇ ಮನೆಯ ಗಡಿಯಾರ ಅಂತ ಮಾಡಿ, ನಾಲ್ಕೂ ಕ್ಯಾಮರಾ ಅದನ್ನೇ ಕೇಳಲಿ ಅಂತ ಸೆಟ್ ಮಾಡಿದೆ. ಟೈಮ್‌ಝೋನ್ ಐದೂವರೆ ಗಂಟೆಗೆ ಇಡುವುದನ್ನು ಮರೆಯಬೇಡಿ. ಆ ಅರ್ಧ ಗಂಟೆ ತಪ್ಪಿದರೆ ಬೇಗ ಕಣ್ಣಿಗೆ ಬೀಳುವುದಿಲ್ಲ.

ಕರೆಂಟಿನದೇ ಇನ್ನೊಂದು ಕಾಟ. ಮನೆಯೊಳಗೆ ಯಾರಿಗೆ ಯಾವ ಐಪಿ ಅಡ್ರೆಸ್ ಅಂತ ಹಂಚುವುದು ರೂಟರ್. ಎಲ್ಲವೂ ಆಫ್ ಆಗಿ ಮತ್ತೆ ಆನ್ ಆದಾಗ ನಿನ್ನೆ ಗೇಟಿನ ಕ್ಯಾಮರಾಕ್ಕೆ ಕೊಟ್ಟಿದ್ದ 192.168.1.20 ಇವತ್ತು ಅಕ್ಕನ ಫೋನಿಗೆ ಹೋಗಿರಬಹುದು. ಸಾಫ್ಟ್‌ವೇರ್ ಪಾಪ ಹಳೇ ವಿಳಾಸಕ್ಕೇ ಹೋಗಿ ಬಾಗಿಲು ಬಡಿಯುತ್ತಿರುತ್ತದೆ. ಜನ ಕ್ಯಾಮರಾ ಕೆಟ್ಟಿದೆ ಅಂದುಕೊಂಡು ಏಣಿ ಹತ್ತುತ್ತಾರೆ. ಪ್ರತಿ ಕ್ಯಾಮರಾಕ್ಕೂ ಹುಟ್ಟಿನಿಂದಲೇ ಒಂದು ಮ್ಯಾಕ್ ಅಡ್ರೆಸ್ ಇರುತ್ತದೆ, ಸ್ಟಿಕ್ಕರ್ ಮೇಲೆ ಬರೆದಿರುತ್ತದೆ. ‘ಈ ಮ್ಯಾಕ್‌ಗೆ ಯಾವಾಗಲೂ ಇದೇ ಐಪಿ’ ಅಂತ ರೂಟರ್‌ನಲ್ಲಿ ಬರೆದಿಟ್ಟರೆ ಮುಗಿಯಿತು. ಐದು ನಿಮಿಷದ ಕೆಲಸ. ಸ್ಟಿಕ್ಕರ್‌ನ ಫೋಟೊ ಮಾತ್ರ ಕ್ಯಾಮರಾ ಕಂಬಕ್ಕೆ ಏರಿಸುವ ಮೊದಲೇ ತೆಗೆದುಕೊಳ್ಳಿ. ನಾನು ತೆಗೆದಿರಲಿಲ್ಲ.

ಈಗ ಹಾರ್ಡ್‌ಡಿಸ್ಕ್. ಭಾವನಿಗೆ ಒಂದು ತಿಂಗಳ ರೆಕಾರ್ಡಿಂಗ್ ಬೇಕಿತ್ತು, ಡಿಸ್ಕ್ ಇದ್ದದ್ದು 2 ಟಿಬಿ, ಅಂದರೆ 2,000 ಜಿಬಿ. ಕ್ಯಾಮರಾ ಸೆಕೆಂಡಿಗೆ 4 ಮೆಗಾಬಿಟ್ ಕಳಿಸಿದರೆ, ಎಂಟು ಬಿಟ್‌ಗೆ ಒಂದು ಬೈಟ್ ಲೆಕ್ಕದಲ್ಲಿ, ಅರ್ಧ ಮೆಗಾಬೈಟ್ ಆಯಿತು. ದಿನಕ್ಕೆ 86,400 ಸೆಕೆಂಡು, ಅಂದರೆ 43 ಜಿಬಿ ಚಿಲ್ಲರೆ. ನಾಲ್ಕು ಕ್ಯಾಮರಾಕ್ಕೆ 173 ಜಿಬಿ. ಹನ್ನೊಂದೂವರೆ ದಿನಕ್ಕೆ ಡಿಸ್ಕ್ ತುಂಬಿ, ಹಳೆಯದನ್ನು ಅಳಿಸಿಕೊಂಡು ಬರೆಯಲು ಶುರು. ದೊಡ್ಡ ಡಿಸ್ಕ್ ತನ್ನಿ ಅನ್ನೋದು ಸುಲಭ. ಅದಕ್ಕೂ ಮುಂಚೆ, ಈ ಮೆಗಾಬಿಟ್‌ಗಳು ಎಲ್ಲಿ ಖರ್ಚಾಗುತ್ತವೆ ಅಂತ ನೋಡೋಣ.

ವಿಡಿಯೊದಲ್ಲಿ ಎಲ್ಲ ಚಿತ್ರಗಳೂ ಪೂರ್ತಿ ಬರುವುದಿಲ್ಲ. ಎಲ್ಲೋ ಒಂದು ಪೂರ್ತಿ ಚಿತ್ರ, ಅದಕ್ಕೆ ಐ-ಫ್ರೇಮ್ ಅನ್ನುತ್ತಾರೆ. ಉಳಿದವು ‘ಹಿಂದಿನದೇ, ಇಷ್ಟು ಮಾತ್ರ ಬದಲು’ ಅನ್ನೋ ಚೀಟಿಗಳು. ಅಂಗಳದಲ್ಲಿ ಒಂದು ಕಾಗೆ ಕುಪ್ಪಳಿಸಿದರೆ ಕಾಗೆಯಷ್ಟು ಜಾಗದ ಲೆಕ್ಕ ಬರೆದರೆ ಸಾಕು, ಸುಮ್ನೆ ಬಿದ್ದಿರುವ ಅಡಿಕೆಯನ್ನು ಮತ್ತೆ ಮತ್ತೆ ಕಳಿಸಬೇಕಿಲ್ಲ. ಹಾಗಾದರೆ ಯಾರೂ ಓಡಾಡದ ರಾತ್ರಿಯಲ್ಲಿ ಖರ್ಚು ಕಡಿಮೆ ಆಗಬೇಕು ತಾನೇ? ಗ್ರಾಫ್ ನೋಡಿದರೆ ಉಲ್ಟಾ. ರಾತ್ರಿಯೇ ಜಾಸ್ತಿ. ಕಾರಣ ಕತ್ತಲೆ. ಬೆಳಕು ಸಾಲದಾಗ ಕ್ಯಾಮರಾ ಸೆನ್ಸಾರ್‌ನಿಂದ ಬರುವ ಸಣ್ಣ ಸಂಕೇತವನ್ನು ಹಿಗ್ಗಿಸುತ್ತದೆ, ಅದರ ಜೊತೆ ಕಸವೂ ಹಿಗ್ಗುತ್ತದೆ, ಚಿತ್ರದ ತುಂಬಾ ರವೆ ಚೆಲ್ಲಿದ ಹಾಗೆ ಚುಕ್ಕಿಗಳು ಕುಣಿಯುತ್ತವೆ. ಈ ಕುಣಿತಕ್ಕೆ ತಾಳ ಇಲ್ಲ, ಪ್ರತಿ ಫ್ರೇಮಿನಲ್ಲೂ ಹೊಸದು. ಕ್ಯಾಮರಾ ಆ ರವೆಯನ್ನೆಲ್ಲ ಬದಲಾವಣೆ ಅಂತಲೇ ತಿಳಿದು ನಿಷ್ಠೆಯಿಂದ ಬರೆದು ಕಳಿಸುತ್ತದೆ. ಭಾವನ ಡಿಸ್ಕ್ ತುಂಬುತ್ತಿದ್ದದ್ದು ಏನೂ ಇಲ್ಲದ ಕತ್ತಲೆಯಿಂದ!

ಹೊಸ ಮೂರು ಕ್ಯಾಮರಾಗಳಲ್ಲಿ ಎಚ್.265 ಆರಿಸಿದೆ, 2013ರಲ್ಲಿ ಬಂದ, ವಿಡಿಯೊ ಕುಗ್ಗಿಸುವ ಈ ವಿಧಾನ ಹಳೆಯ ಎಚ್.264ಗಿಂತ ಚೆನ್ನಾಗಿ ಮಡಚುತ್ತದೆ. ಸೆಕೆಂಡಿಗೆ ಬರುವ ಫ್ರೇಮು 25ರಿಂದ 15ಕ್ಕೆ ಇಳಿಸಿದೆ. ಕಳ್ಳ ಯಕ್ಷಗಾನ ಏನೂ ಕುಣಿಯಲ್ಲ, 15 ಸಾಕು. ನಾಲ್ಕಕ್ಕೂ ತಲಾ ಗರಿಷ್ಠ 2 ಮೆಗಾಬಿಟ್ ಅಂತ ಕಟ್ಟು ಹಾಕಿದೆ. ಪೂರ್ತಿ ಖರ್ಚಾದರೂ ಈಗ 23 ದಿನ ಸಿಗುತ್ತದೆ. ಹಗಲು ಅಷ್ಟು ಖರ್ಚಾಗುವುದಿಲ್ಲ, ಹಾಗಾಗಿ ತಿಂಗಳು ಮುಟ್ಟಬಹುದು. ಐ-ಫ್ರೇಮು ಎರಡು ಸೆಕೆಂಡಿಗೊಂದು ಇರಲಿ ಅಂದೆ. ಇದನ್ನು ತೀರಾ ದೂರ ದೂರ ಇಟ್ಟರೆ ಜಾಗ ಉಳಿಯುತ್ತದೆ ನಿಜ, ಆದರೆ ಫೋನಿನಲ್ಲಿ ಕ್ಯಾಮರಾ ತೆರೆದಾಗ ಮುಂದಿನ ಪೂರ್ತಿ ಚಿತ್ರ ಬರುವ ತನಕ ಖಾಲಿ ಪರದೆ ನೋಡಿಕೊಂಡು ಕೂರಬೇಕು.

ಟ್ಯೂಬ್‌ಲೈಟಿನ ಕೆಳಗೆ ಚಿತ್ರದಲ್ಲಿ ಪಟ್ಟೆಪಟ್ಟೆ ನೆರಳು ಮೇಲಿಂದ ಕೆಳಗೆ ಜಾರುತ್ತಿದ್ದರೆ ಕ್ಯಾಮರಾ ಬದಲಿಸಬೇಡಿ. ನಮ್ಮ ಕರೆಂಟು 50 ಹರ್ಟ್ಝ್, ಹಳೇ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕ್ಯಾಮರಾ ಅಮೆರಿಕದ 60ರ ಲೆಕ್ಕದಲ್ಲಿದ್ದರೆ ಎರಡಕ್ಕೂ ತಾಳ ಕೂಡುವುದಿಲ್ಲ. ಸೆಟ್ಟಿಂಗ್ಸಿನಲ್ಲಿ 50 ಅಂತ ಆರಿಸಿದರೆ ಪಟ್ಟೆ ಮಾಯ.

ಮೆಗಾಪಿಕ್ಸೆಲ್ ಬಗ್ಗೆ ಮಾತ್ರ ನನಗೆ ಸ್ವಲ್ಪ ಸಿಟ್ಟಿದೆ. 4 ಮೆಗಾಪಿಕ್ಸೆಲ್ ಅಂತ ಮಾರುವವರು ಅದು ಎಷ್ಟು ಅಗಲಕ್ಕೆ ಹರಡುತ್ತದೆ ಅಂತ ಹೇಳುವುದಿಲ್ಲ. ಅಡ್ಡಕ್ಕೆ 2560 ಪಿಕ್ಸೆಲ್. ಸುಮಾರು 100 ಡಿಗ್ರಿ ನೋಡುವ ಅಗಲ ಲೆನ್ಸಿನಲ್ಲಿ, 10 ಮೀಟರ್ ದೂರದ ಗೇಟಿನ ಬಳಿ ಅದು 24 ಮೀಟರ್ ಅಗಲಕ್ಕೆ ಹರಡಿಕೊಳ್ಳುತ್ತದೆ. ಮೀಟರಿಗೆ 107 ಪಿಕ್ಸೆಲ್. ಮುಖದ ಅಗಲಕ್ಕೆ ಸಿಗುವುದು 17. ಗುರುತೇ ಇಲ್ಲದವನ ಮುಖ ಪತ್ತೆ ಮಾಡಲು ಮೀಟರಿಗೆ 250 ಬೇಕು ಅಂದಿತ್ತು 2014ರ ಅಂತಾರಾಷ್ಟ್ರೀಯ ಮಾನದಂಡ. ಇದನ್ನು ಯಾವ ಸಾಫ್ಟ್‌ವೇರೂ ಆಮೇಲೆ ಸರಿ ಮಾಡುವುದಿಲ್ಲ. ನಾವು ಗೇಟಿನ ಕ್ಯಾಮರಾವನ್ನು ಗೇಟಿನಿಂದ ಮೂರೇ ಮೀಟರ್ ದೂರದ ಕಂಬಕ್ಕೆ ಇಳಿಸಿದೆವು.

ಮೊದಲ ರಾತ್ರಿ ಭಾವನ ಫೋನು ನಿದ್ದೆ ಮಾಡಲು ಬಿಡಲಿಲ್ಲ. ಚಲನೆ ಕಂಡಿತು, ಚಲನೆ ಕಂಡಿತು ಅಂತ ಬೆಳಗಿನ ತನಕ ಸದ್ದು. ನೋಡಿದರೆ ಜೇಡ. ಕ್ಯಾಮರಾದ ಟೊಪ್ಪಿಗೆಗೆ ಎಳೆ ಕಟ್ಟಿತ್ತು. ರಾತ್ರಿ ಕ್ಯಾಮರಾ ತನ್ನದೇ ಇನ್‌ಫ್ರಾರೆಡ್ ದೀಪ ಹಚ್ಚಿಕೊಳ್ಳುತ್ತದೆ, ನಮ್ಮ ಕಣ್ಣಿಗೆ ಒಂದು ಮಂಕು ಕೆಂಪು ಚುಕ್ಕಿ ಬಿಟ್ಟರೆ ಏನೂ ಕಾಣದು. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ಎಳೆ ಇದ್ದದ್ದು 5 ಸೆಂಟಿಮೀಟರಿನಲ್ಲಿ, ಅಂಗಳದ ಆ ಕಡೆ ಇರುವುದು 10 ಮೀಟರಿನಲ್ಲಿ. ದೂರ 200 ಪಟ್ಟು, ಹಾಗಾಗಿ ಎಳೆಯ ಮೇಲೆ ಬೀಳುವ ಬೆಳಕು ಸುಮಾರು 40,000 ಪಟ್ಟು. ಕೂದಲಿಗಿಂತ ತೆಳು ಎಳೆ ಪರದೆಯಲ್ಲಿ ಬಿಳಿ ಹಗ್ಗದ ಹಾಗೆ ತೂಗಾಡುತ್ತಿತ್ತು. ಹಿಂದಿನ ಫ್ರೇಮಿಗೂ ಈಗಿನದಕ್ಕೂ ವ್ಯತ್ಯಾಸ ನೋಡುವುದಷ್ಟೇ ಗೊತ್ತಿರುವ ಸಾಫ್ಟ್‌ವೇರ್‌ಗೆ ಹಗ್ಗವೂ ಒಂದೇ, ಕಳ್ಳನೂ ಒಂದೇ. ಅಕ್ಕ ಬಲೆ ತೆಗೆಯುವ ಕೋಲು ತಂದು ಅರ್ಧ ನಿಮಿಷದಲ್ಲಿ ಸಮಸ್ಯೆ ಬಗೆಹರಿಸಿದಳು. ನಾನು ಅಷ್ಟು ಹೊತ್ತಿಗೆ ಸೆಟ್ಟಿಂಗ್ಸಿನ ಮೂರನೇ ಪುಟದಲ್ಲಿದ್ದೆ.

ಕೊನೆಗೆ ಉಳಿದದ್ದು ಪಾಸ್‌ವರ್ಡ್ ಬದಲಿಸುವುದು. 2016ರಲ್ಲಿ ಮಿರಾಯ್ ಅನ್ನೋ ಕಂಪ್ಯೂಟರ್ ಹುಳ ಇಂಟರ್ನೆಟ್ಟಿಗೆ ತೆರೆದಿದ್ದ ಕ್ಯಾಮರಾ, ವಿಡಿಯೊ ರೆಕಾರ್ಡ್ ಮಾಡುವ ಡಿವಿಆರ್, ರೂಟರ್‌ಗಳನ್ನು ಹುಡುಕಿ, ಕಂಪನಿಯಿಂದ ಬಂದ ಹಾಗೇ ಇದ್ದ ಯೂಸರ್‌ನೇಮು ಪಾಸ್‌ವರ್ಡುಗಳ 60ರಷ್ಟು ಜೋಡಿ ಪ್ರಯತ್ನಿಸಿ, ಲಕ್ಷಗಟ್ಟಲೆ ಸಾಧನಗಳ ಒಳಗೆ ಹೊಕ್ಕಿತ್ತು. ಆ ವರ್ಷ ಅಕ್ಟೋಬರ್ 21ರಂದು ಆ ಸೇನೆ, ವೆಬ್‌ಸೈಟ್ ಹೆಸರಿಗೆ ಅದರ ಐಪಿ ಅಡ್ರೆಸ್ ಹುಡುಕಿಕೊಡುವ ಡೈನ್ ಅನ್ನೋ ಕಂಪನಿಯ ಮೇಲೆ ಬಿದ್ದಾಗ ಅಮೆರಿಕದ ಎಷ್ಟೋ ಕಡೆ ಟ್ವಿಟರ್, ನೆಟ್‌ಫ್ಲಿಕ್ಸ್ ತೆರೆಯಲಿಲ್ಲ. ಹಾಗಾಗಿ ರೂಟರ್‌ನಲ್ಲಿ ಕ್ಯಾಮರಾಕ್ಕೆ ಹೊರಗಿನಿಂದ ಬಾಗಿಲು ತೆರೆಯಲಿಲ್ಲ, ಫೋನಿನಿಂದ ನೋಡಲು ವಿಪಿಎನ್ ಅನ್ನೋ ಗುಟ್ಟಿನ ದಾರಿ ಹಾಕಿಕೊಟ್ಟೆ. 16 ಅಕ್ಷರದ ಪಾಸ್‌ವರ್ಡ್ ಇಟ್ಟೆ. ಭಾವ ಅದನ್ನು ಕೇಳಿಕೊಂಡು ಜಗಲಿಯ ಗೋಡೆಯಲ್ಲಿ ತೂಗಿದ್ದ ಮಂಡಿಯ ಕ್ಯಾಲೆಂಡರ್ ಮೇಲೆ ದೊಡ್ಡಕ್ಷರದಲ್ಲಿ ಬರೆದರು. ನಾನು ಬೇಡ ಅನ್ನಲಿಲ್ಲ, ಮಿರಾಯ್‌ಗೆ ಕ್ಯಾಲೆಂಡರ್ ಓದಲು ಬರುವುದಿಲ್ಲ. ಹೊರಡುವ ಮುಂಚೆ ಒಂದು ಸಲ ಎಲ್ಲ ಕ್ಯಾಮರಾ ನೋಡೋಣ ಅಂತ ಪರದೆ ತೆರೆದರೆ, ಜಗಲಿಯ ಕ್ಯಾಮರಾದಲ್ಲಿ, ಮೀಟರಿಗೆ 250ಕ್ಕಿಂತ ಎಷ್ಟೋ ಜಾಸ್ತಿ ಪಿಕ್ಸೆಲ್‌ಗಳಲ್ಲಿ, ಆ ಕ್ಯಾಲೆಂಡರ್ ಸ್ಪಷ್ಟವಾಗಿ ಕಾಣುತ್ತಿತ್ತು. ಅದನ್ನು ತೆಗೆಸಿ ಅಡುಗೆಮನೆಯ ಗೋಡೆಗೆ ಹಾಕಿಸಿ ಬಸ್ಸು ಹತ್ತಿದೆ.