ಬಸಳೆ ಚಪ್ಪರದ ಹಿಂದಿನ ಗೋಡೆ

ಗೌರಿ ಹಬ್ಬಕ್ಕೆ ಹತ್ತು ದಿನ ಇರುವಾಗ ನನ್ನ ಮೊಬೈಲಿಗೆ ಬಿಡುವಿರುವುದಿಲ್ಲ. "ಗೋಡೆ ಒದ್ದೆಯಾಗಿದೆ, ಬಣ್ಣ ಉದುರುತ್ತಿದೆ, ಯಾವ ಕಂಪನಿಯ ವಾಟರ್‌ಪ್ರೂಫ್ ಬಣ್ಣ ಒಳ್ಳೆಯದು?" ಶಿವಮೊಗ್ಗದಲ್ಲಿದ್ದುಕೊಂಡು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆ ಕಟ್ಟಿಸುತ್ತಾ ಇಪ್ಪತ್ತೈದು ವರ್ಷವಾಯಿತು. ನನ್ನ ಉತ್ತರ ಬದಲಾಗಿಲ್ಲ, ಕೇಳಿದವರಿಗೆ ಅದು ಹಿಡಿಸಿಯೂ ಇಲ್ಲ. ಯಾವ ಬಣ್ಣವೂ ಬೇಡ. ನೀರು ಎಲ್ಲಿಂದ ಬರುತ್ತಿದೆ, ಅದನ್ನು ಹೇಳಿ.

ಮನೆಯ ಕೆಲಸವನ್ನು ತಾವೇ ಮಾಡಿಕೊಳ್ಳುವವರ ಬಗ್ಗೆ ನನಗೆ ತಕರಾರಿಲ್ಲ. ಕೂಲಿ ಏರಿದೆ, ಬರುತ್ತೇನೆ ಎಂದವರು ಹೇಳಿದ ದಿನ ಬರುವುದಿಲ್ಲ. ಕೆರೆಯುವುದು, ಪುಟ್ಟಿ ಎಳೆಯುವುದು, ರೋಲರ್ ಆಡಿಸುವುದು ಬ್ರಹ್ಮವಿದ್ಯೆಯೇನಲ್ಲ. ಆದರೆ ಒದ್ದೆ ಗೋಡೆಯ ಒಳಮೈಗೆ ಬಣ್ಣ ಬಳಿಯುವುದು ಸೋರುವ ಕೊಡಕ್ಕೆ ಕುಂಕುಮ ಹಚ್ಚಿದಂತೆ. ನೀರು ಗೋಡೆಯನ್ನೂ ಗಾರೆಯನ್ನೂ ಹಾದು ಬರುವಾಗ ಅಲ್ಲಿನ ಉಪ್ಪನ್ನು ಕರಗಿಸಿಕೊಂಡು ಬರುತ್ತದೆ. ಒಳಮೈಯಲ್ಲಿ ಆರುವಾಗ ಆ ಉಪ್ಪು ಹರಳುಗಟ್ಟಿ ಬಣ್ಣವನ್ನು ಹಿಂದಿನಿಂದ ತಳ್ಳುತ್ತದೆ. ಅಗ್ಗದ ಬಣ್ಣ ಪುಡಿಯಾಗಿ ಉದುರುತ್ತದೆ, ದುಬಾರಿಯದು ಹಪ್ಪಳದಂತೆ ಉಬ್ಬಿ ಏಳುತ್ತದೆ. ವ್ಯತ್ಯಾಸ ಅಷ್ಟೇ.

ಲೆಕ್ಕ ನೋಡಿ. ಒಂದು ಚದರ ಮೀಟರಿಗೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 100 ಚದರ ಮೀಟರಿನ ತಾರಸಿಗೆ ದಿನವೊಂದರಲ್ಲಿ 100 ಮಿಲಿಮೀಟರ್ ಬಿದ್ದರೆ 10,000 ಲೀಟರ್. ಆಷಾಢದಲ್ಲಿ ಘಟ್ಟದ ಅಂಚಿನವರು ಇದನ್ನು ಮಳೆಯೆಂದು ಹೇಳಿಕೊಳ್ಳುವುದೂ ಇಲ್ಲ. ಆಗುಂಬೆಯ ವಾರ್ಷಿಕ ಸರಾಸರಿಯೇ 7,000 ಮಿಲಿಮೀಟರ್ ದಾಟುತ್ತದೆ. ಅಷ್ಟೂ ನೀರನ್ನು ಒಂದೇ ಕೊಳವೆಯಿಂದ ಗೋಡೆಯ ಬುಡಕ್ಕೆ ಸುರಿದು, ಒಳಗೆ ಬಂದು ಬಣ್ಣದ ಡಬ್ಬಿ ತೆರೆಯುತ್ತೀರಿ. ಬಸಿಗಾಲುವೆ ತೆಗೆಯದಿದ್ದರೆ ಅಡಿಕೆ ಬೇರು ಕೊಳೆಯುತ್ತದೆ ಎಂದು ನನಗೆ ಪಾಠ ಹೇಳುವ ಯಜಮಾನರೇ ಮನೆಯ ಸುತ್ತ ಒಂದು ಗೇಣು ಕಾಲುವೆ ತೆಗೆಸಿರುವುದಿಲ್ಲ. ಅದರ ಬದಲು ಅಂಗಳಕ್ಕೆ ಮಣ್ಣು ತುಂಬಿಸಿ, ಒಳಗಿನ ನೆಲಕ್ಕಿಂತ ಎತ್ತರಕ್ಕೆ ಇಂಟರ್‌ಲಾಕ್ ಹಾಕಿಸಿರುತ್ತಾರೆ, ಅದೂ ಗೋಡೆಯ ಕಡೆಗೇ ಇಳಿಜಾರಾಗಿ. ಇಳಿಜಾರು ಹೊರಗಿರಬೇಕು ಸ್ವಾಮಿ! ಮೀಟರಿಗೆ ಎರಡು ಸೆಂಟಿಮೀಟರ್ ಸಾಕು.

ಖರ್ಚಿಲ್ಲದೆ ಮಾಡಬಹುದಾದ ಮೊದಲ ಕೆಲಸವೆಂದರೆ ಗೋಡೆ ಯಾವಾಗ ಒದ್ದೆ ಎಂದು ಗಮನಿಸುವುದು. ಮಳೆಗಾಲದಲ್ಲಿ ಮಾತ್ರವೋ, ಬೇಸಿಗೆಯಲ್ಲೂ ಹೌದೋ? ಮೇಲಿನಿಂದ ಇಳಿದ ಕಲೆಯೋ, ಬುಡದಿಂದ ಏರಿದ್ದೋ? ಇನ್ನೊಂದು, ಸಡಿಲ ಪುಟ್ಟಿ ಕೆರೆದು ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಗೋಡೆಯ ಕಡೆಯ ಮೈಯಲ್ಲಿ ಹನಿ ಕಂಡರೆ ನೀರು ಗೋಡೆಯೊಳಗಿನದು. ಕೋಣೆಯ ಕಡೆಯ ಮೈ ಪಸೆಯಾದರೆ ಅದು ಗಾಳಿಯ ತೇವ. ಕಿಟಕಿ ತೆರೆಯಿರಿ, ಒಳಗೆ ಬಟ್ಟೆ ಒಣಗಿಸುವುದನ್ನು ಕಡಿಮೆ ಮಾಡಿ. ಇದು ಸುಳಿವು ಮಾತ್ರ, ತೀರ್ಪಲ್ಲ. ಎರಡೂ ಕಡೆ ಒದ್ದೆಯಾಗುವ ಮನೆಗಳನ್ನು ನೋಡಿದ್ದೇನೆ.

ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಮೂರು ವರ್ಷ ಒಂದೇ ಗೋಡೆಗೆ ಮೂರು ಸಲ ಬಣ್ಣ ಹೊಡೆದಿದ್ದರು. ಖರ್ಚನ್ನೆಲ್ಲ ಪೈಸೆ ಬಿಡದೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು, ಅಡಿಗೆರೆ ಸಮೇತ. ನಾನು ಹೋದದ್ದು ಮಾರ್ಚಿನಲ್ಲಿ. ಬಿರುಬಿಸಿಲಿನಲ್ಲೂ ಗೋಡೆ ಮೊಣಕಾಲೆತ್ತರಕ್ಕೆ ತಣ್ಣಗಿತ್ತು. ಕಾಫಿ ತಂದ ಅಮ್ಮ ಹಿತ್ತಲಿಗೆ ಕರೆದೊಯ್ದು ಬಸಳೆ ಚಪ್ಪರ ತೋರಿಸಿದರು. "ಇದಕ್ಕೆ ನೀರು ಹಾಕುವ ಕೆಲಸವೇ ಇಲ್ಲ, ಬಚ್ಚಲಿನದು ಸಾಕು" ಎಂದು ಒಂದು ಕಟ್ಟು ಕೊಯ್ದು ನನ್ನ ಕೈಗಿತ್ತರು. ಚಪ್ಪರದ ಆಚೆ ಮಗ್ಗುಲಿಗೆ ಅದೇ ಗೋಡೆ. ನಾನು ಮೇಷ್ಟ್ರ ಮುಖ ನೋಡಿದೆ. ಅವರು ನೋಟ್‌ಬುಕ್ ನೋಡಿಕೊಂಡರು.

ಬಚ್ಚಲ ನೀರನ್ನು ಗೋಡೆಯಿಂದ ದೂರ ಸಾಗಿಸಲು ಹದಿನೈದು ಅಡಿ ಪಿವಿಸಿ ಪೈಪು, ಎರಡು ಎಲ್ಬೋ, ಅರ್ಧ ದಿನದ ಗುದ್ದಲಿ ಕೆಲಸ. ಎಲ್ಲವನ್ನೂ ಮೇಷ್ಟ್ರೇ ಮಾಡಿದರು, ಬಹಳ ಅಚ್ಚುಕಟ್ಟಾಗಿ. ಹಾಗೆಂದು ಎಲ್ಲ ಮನೆಯೂ ಇಷ್ಟಕ್ಕೇ ಮುಗಿಯುವುದಿಲ್ಲ. ಮನೆ ಹಿಂದಿನ ಧರೆಯಿಂದ, ಅಂದರೆ ಗುಡ್ಡ ಕಡಿದು ನಿಂತ ಮಣ್ಣಿನ ಗೋಡೆಯಿಂದ, ಒರತೆ ಬರುತ್ತಿದ್ದರೆ, ಗೋಡೆಯ ಓರೆ ಬಿರುಕು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ ಗುದ್ದಲಿ ಕೆಳಗಿಟ್ಟು ಗೊತ್ತಿರುವವರಿಗೆ ತೋರಿಸಿ. ಅವರು ನಾನೇ ಆಗಬೇಕಿಲ್ಲ. ಧರೆಯ ಬುಡ ಕಡಿಯುವುದು ಭಾನುವಾರದ ಹವ್ಯಾಸವಲ್ಲ.

ಪುಟ್ಟಿ ಕೆರೆದು ಒಂದು ಮಳೆಗಾಲ ಗೋಡೆಯನ್ನು ಬೋಳಾಗಿಯೇ ಬಿಡಿ ಎಂದೆ. ಹಬ್ಬಕ್ಕೆ ನೆಂಟರು ಬರುತ್ತಾರೆ ಎಂದು ಮೇಷ್ಟ್ರು ಗೊಣಗಿದರೂ ಬಿಟ್ಟರು. ಮುಂದಿನ ಫೆಬ್ರವರಿಯಲ್ಲಿ ಹೊಡೆದ ಬಣ್ಣ ಈಗಲೂ ಇದೆ. ಪೈಪಿನ ತುದಿಗೆ ಕಿತ್ತು ನೆಟ್ಟ ಬಸಳೆ ಮಾತ್ರ ಹತ್ತಲಿಲ್ಲವಂತೆ. ಕಳೆದ ಸಲ ಹೋದಾಗ ಅಮ್ಮ ಕಾಫಿ ಕೊಟ್ಟರು, ಹಿತ್ತಲಿಗೆ ಕರೆಯಲಿಲ್ಲ.